ಬೇಗ ಕಾಯಿಲೆ ಬೀಳುವ ಇಲಿಯೇ ಏಕೆ? ಲಸಿಕೆಯ ಪಾಠದಲ್ಲಿ ಎದುರಾದ ಒಂದು ಪ್ರಶ್ನೆ

ಅಭ್ಯಾಸ ಬೋಧನೆಯ ಮೂರನೆಯ ವಾರ ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಘಟಕದಲ್ಲಿ ಲಸಿಕೆಯ ಬಗ್ಗೆ ಪಾಠ ಮಾಡುತ್ತಿದ್ದೆ. ಲಸಿಕೆಯನ್ನು ಮನುಷ್ಯರಿಗೆ ಕೊಡುವ ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಾರೆ, ಫ್ಲೂ ಲಸಿಕೆಗಾದರೆ ಬೇಗ ಕಾಯಿಲೆ ಬೀಳುವ ಇಲಿಯ ತಳಿಗಳನ್ನು ಬಳಸುತ್ತಾರೆ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: “ಮಿಸ್, ಬೇಗ ಸಾಯೋ ಇಲೀನೇ ಯಾಕೆ? ಗಟ್ಟಿ ಇಲಿ ಮೇಲೆ ನೋಡ್ಬೋದಲ್ವಾ?” “ಇಲಿಗೂ ನಮ್ಮ ಹಾಗೇ ಫ್ಲೂ ಬರುತ್ತೆ, ಅದಕ್ಕೆ” ಎಂದು ಹೇಳಿ ಮುಂದೆ ಸಾಗಿದೆ. ಅದು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಹೇಳಿದ ಮಾತೂ ಸರಿಯಿರಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ “ಒಳ್ಳೆಯ ಪ್ರಶ್ನೆ. ಓದಿಕೊಂಡು ಬಂದು ಉತ್ತರಿಸಿ” ಎಂದು ಬರೆದಿದ್ದರು. ಹಾಗೆ ಓದಿಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಫೆರೆಟ್‌ನಿಂದ ಇಲಿಗೆ

ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು 1933ರಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಮೊದಲಿಗೆ ಬೇರ್ಪಡಿಸಿದರು. ಅವರು ಬಳಸಿದ್ದು ಫೆರೆಟ್ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿಯನ್ನು. ಫೆರೆಟ್‌ಗೆ ನಮ್ಮಂತೆಯೇ ಜ್ವರ ಬರುತ್ತದೆ, ಸೀನು ಬರುತ್ತದೆ. ಸೋಂಕು ತಗುಲಿದ ಫೆರೆಟ್ ಒಂದು ಸೀನಿದ್ದರಿಂದ ಸಂಶೋಧಕರೊಬ್ಬರಿಗೇ ಫ್ಲೂ ಬಂದಿತ್ತು. ಆದರೆ ಫೆರೆಟ್ ಸಾಕುವುದು ದುಬಾರಿ. ಮರುವರ್ಷವೇ ಇಲಿಗಳಿಗೂ ಈ ಸೋಂಕು ತಗುಲಿಸಬಹುದೆಂದು ತಿಳಿಯಿತು. ಸುಮಾರು 20 ಗ್ರಾಂ ತೂಗುವ, ಬೇಗ ಮರಿ ಹಾಕುವ ಇಲಿ ಪ್ರಯೋಗಾಲಯಗಳಿಗೆ ಹೆಚ್ಚು ಅನುಕೂಲವಾಯಿತು.

ಆದರೆ ಮನುಷ್ಯರ ಫ್ಲೂ ವೈರಸ್ ಸಾಮಾನ್ಯವಾಗಿ ಇಲಿಯಲ್ಲಿ ಸುಲಭವಾಗಿ ಬೆಳೆಯುವುದಿಲ್ಲ. ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳುವುದು ಕೋಶದ ಮೇಲ್ಮೈಯಲ್ಲಿರುವ ಸಿಯಾಲಿಕ್ ಆಮ್ಲದ ಮೂಲಕ. ಆ ಆಮ್ಲವು ಸಕ್ಕರೆಯ ಅಣುವಿಗೆ ಜೋಡಣೆಯಾಗಿರುವ ರೀತಿ ನಮ್ಮ ಮೂಗು-ಗಂಟಲಿನಲ್ಲಿ ಬಹುಪಾಲು ಒಂದು ಬಗೆಯದು, ಇಲಿಯ ಶ್ವಾಸನಾಳದಲ್ಲಿ ಬಹುಪಾಲು ಇನ್ನೊಂದು ಬಗೆಯದು. ಆದ್ದರಿಂದ ವೈರಸ್ಸನ್ನು ಒಂದು ಇಲಿಯ ಶ್ವಾಸಕೋಶದಿಂದ ಇನ್ನೊಂದಕ್ಕೆ ಹಲವು ಬಾರಿ ದಾಟಿಸಿ, ಇಲಿಗೆ ಒಗ್ಗಿದ ವೈರಸ್ಸನ್ನು ಪಡೆಯುತ್ತಾರೆ. “ನಮ್ಮ ಹಾಗೇ” ಎಂದ ನನ್ನ ಮಾತು ತಪ್ಪಿದ್ದು ಇಲ್ಲಿಯೇ.

ಕಾಯಿಲೆ ಬೀಳದ ಇಲಿ ಏನನ್ನೂ ಹೇಳದು

ಲಸಿಕೆಯ ಪ್ರಯೋಗದಲ್ಲಿ ಒಂದೇ ತಳಿ, ಒಂದೇ ವಯಸ್ಸಿನ ಇಲಿಗಳನ್ನು ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ಲಸಿಕೆ, ಇನ್ನೊಂದಕ್ಕೆ ಬರಿಯ ಲವಣದ್ರಾವಣ. ಕೆಲವು ವಾರಗಳ ನಂತರ ರಕ್ತದಲ್ಲಿ ಪ್ರತಿಕಾಯಗಳನ್ನು ಅಳೆದು, ಅರಿವಳಿಕೆ ಕೊಟ್ಟು, ಮೂಗಿನಲ್ಲಿ ವೈರಸ್ಸಿನ ಹನಿ ಬಿಡುತ್ತಾರೆ. ಮುಂದೆ ದಿನವೂ ತೂಕ ನೋಡುತ್ತಾರೆ. ಲಸಿಕೆ ಇಲ್ಲದ ಇಲಿಗಳು ತೂಕ ಕಳೆದುಕೊಂಡು, ಲಸಿಕೆ ಪಡೆದವು ಉಳಿಸಿಕೊಂಡರೆ ಆ ವ್ಯತ್ಯಾಸವೇ ಲಸಿಕೆಯ ರಕ್ಷಣೆಗೆ ಸಾಕ್ಷಿ.

ಎರಡೂ ಗುಂಪುಗಳು ಆರೋಗ್ಯವಾಗಿಯೇ ಉಳಿದರೆ? ಕಾಪಾಡಿದ್ದು ಲಸಿಕೆಯೋ, ಇಲಿಯ ಹುಟ್ಟುಗುಣವೋ ತಿಳಿಯದು. ಮಳೆಯೇ ಬಾರದ ದಿನ ಕೊಡೆ ಸೋರುತ್ತದೋ ಇಲ್ಲವೋ ಹೇಳಲಾಗದಲ್ಲ, ಹಾಗೆ. ಬೇಗ ಕಾಯಿಲೆ ಬೀಳುವ ಇಲಿಯನ್ನೇ ಆರಿಸುವುದು ಈ ಕಾರಣಕ್ಕೆ.

ಕೆಟ್ಟುಹೋದ ಒಂದು ವಂಶವಾಹಿ

ಈ ಹುಟ್ಟುಗುಣದ ಸುಳಿವು ಸಿಕ್ಕಿದ್ದು 1962ರಲ್ಲಿ. ಇಂಟರ್‌ಫೆರಾನನ್ನು 1957ರಲ್ಲಿ ಅಲಿಕ್ ಐಸಾಕ್ಸ್ ಅವರೊಂದಿಗೆ ಕಂಡುಹಿಡಿದಿದ್ದ ಸ್ವಿಸ್ ವಿಜ್ಞಾನಿ ಜೀನ್ ಲಿಂಡೆನ್‌ಮನ್, ‘ಎ2ಜಿ’ ಎಂಬ ತಳಿಯ ಇಲಿಗಳು ಬೇರೆ ಇಲಿಗಳನ್ನು ಕೊಲ್ಲುವಷ್ಟು ವೈರಸ್ ಕೊಟ್ಟರೂ ಬದುಕುವುದನ್ನು ಗಮನಿಸಿದರು. ಈ ಗುಣಕ್ಕೆ ಕಾರಣ ಒಂದೇ ಒಂದು ಪ್ರಬಲ ವಂಶವಾಹಿ. ಅದಕ್ಕೆ ‘ಎಂಎಕ್ಸ್1’ ಎಂದು ಹೆಸರು. ಸೋಂಕು ತಗುಲಿದಾಗ ಇಂಟರ್‌ಫೆರಾನ್ ಈ ವಂಶವಾಹಿಯನ್ನು ಎಚ್ಚರಿಸುತ್ತದೆ, ಅದರಿಂದ ತಯಾರಾಗುವ ಪ್ರೋಟೀನು ವೈರಸ್ ಹೆಚ್ಚದಂತೆ ತಡೆಯುತ್ತದೆ.

ಪ್ರಯೋಗಾಲಯದ ಬಹುಪಾಲು ಇಲಿತಳಿಗಳಲ್ಲಿ ಎಂಎಕ್ಸ್1 ಕೆಟ್ಟುಹೋಗಿದೆ. ಪ್ರಸಿದ್ಧವಾದ ಸಿ57ಬಿಎಲ್/6, ಡಿಬಿಎ/2 ತಳಿಗಳೆರಡೂ ಅಂಥವೇ. ಆದರೂ ಒಂದೇ ವೈರಸ್ಸಿಗೆ ಡಿಬಿಎ/2 ಇಲಿಗಳು ಹೆಚ್ಚು ತೀವ್ರವಾಗಿ ಕಾಯಿಲೆ ಬೀಳುತ್ತವೆ. ಅಂದರೆ ಬೇರೆ ವಂಶವಾಹಿಗಳ ಪಾತ್ರವೂ ಇದೆ. ನಮ್ಮಲ್ಲಿಯಾದರೋ ಇದಕ್ಕೆ ಸಮನಾದ, ಕೆಲಸ ಮಾಡುವ ವಂಶವಾಹಿ ಇದೆ. ಇಲಿಗೆ ಸೀನು-ಕೆಮ್ಮು ಬರುವುದಿಲ್ಲ. ಮೈಬಿಸಿ ಏರುವ ಬದಲು ಇಳಿಯುತ್ತದೆ. ಆದ್ದರಿಂದ ಇಲಿಯಲ್ಲಿ ಗೆದ್ದ ಲಸಿಕೆ ಮುಂದಿನ ಹಂತಕ್ಕೆ ಅರ್ಹವಾಗುತ್ತದೆ, ಅಷ್ಟೇ. ಫೆರೆಟ್‌ಗಳಲ್ಲಿ, ಕೊನೆಗೆ ಸ್ವಯಂಸೇವಕರಲ್ಲಿ ಪರೀಕ್ಷೆ ಆಗಲೇಬೇಕು.

ಮರುಪಾಠ

ಮುಂದಿನ ತರಗತಿಯಲ್ಲಿ “ನಿನ್ನೆ ನಾನು ಹೇಳಿದ್ದು ತಪ್ಪು” ಎಂದೇ ಪ್ರಾರಂಭಿಸಿದೆ. ಕಪ್ಪು ಹಲಗೆಯ ಮೇಲೆ ಎರಡು ಗುಂಪುಗಳ ತೂಕದ ನಕ್ಷೆ ಬರೆದು, ಮೂರನೆಯದಾಗಿ ಎರಡೂ ಗೆರೆ ಒಂದೇ ಸಮ ಹೋಗುವ ನಕ್ಷೆ ತೋರಿಸಿ, ಇದರಿಂದ ಏನು ತಿಳಿಯುತ್ತದೆ ಎಂದು ಕೇಳಿದೆ. “ಏನೂ ತಿಳಿಯಲ್ಲ” ಎಂದವಳು ಅದೇ ಹುಡುಗಿ. ಆದರೆ ಅವಳು ಕುಳಿತುಕೊಳ್ಳಲಿಲ್ಲ. “ಹಾಗಿದ್ರೆ ಇಲಿ ಸಾಯ್ಲೇಬೇಕಾ ಮಿಸ್?” ಎಂದಳು.

ಈ ಬಾರಿ ಜಾರಿಕೊಳ್ಳಲಿಲ್ಲ. ಸಾಯುವವರೆಗೆ ಕಾಯದೆ, ತೂಕ ಒಂದು ಮಿತಿಗಿಂತ, ಸಾಮಾನ್ಯವಾಗಿ ಶೇಕಡ 20ರಿಂದ 25ರಷ್ಟು, ಇಳಿದೊಡನೆ ನೋವಿಲ್ಲದಂತೆ ಜೀವ ತೆಗೆಯುತ್ತಾರೆ. ಆದಷ್ಟು ಕಡಿಮೆ ಪ್ರಾಣಿಗಳನ್ನು ಬಳಸಬೇಕು, ಬೇರೆ ದಾರಿಯಿದ್ದರೆ ಬಳಸಲೇಬಾರದು ಎಂಬ ನಿಯಮಗಳಿವೆ ಎಂದೆ. ಇಲಿಗಳು ಸಾಯುತ್ತವೆ ಎಂಬುದನ್ನು ಮುಚ್ಚಿಡಲಿಲ್ಲ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಪಾಠಯೋಜನೆಯಲ್ಲಿ ಆ ಮೌನಕ್ಕೆ ನಾನು ಸಮಯ ಇಟ್ಟಿರಲಿಲ್ಲ. ಇನ್ನು ಮುಂದೆ ಇಡುತ್ತೇನೆ.

ಹತ್ತನೆಯ ತರಗತಿಗೆ ಅನುವಂಶೀಯತೆ ಬೋಧಿಸುವ ಸಹಪಾಠಿಗಳಿಗೆ ಒಂದು ಸಲಹೆ: ಬಟಾಣಿ ಗಿಡದ ನಂತರ ಎ2ಜಿ ಇಲಿಯನ್ನು ಉದಾಹರಣೆಯಾಗಿ ಕೊಡಿ. ಅದನ್ನು ಬೇಗ ಕಾಯಿಲೆ ಬೀಳುವ ತಳಿಯೊಂದಿಗೆ ಸಂಕರಿಸಿದರೆ ಮೊದಲ ಪೀಳಿಗೆಯಲ್ಲಿ ಎಷ್ಟು ಮರಿಗಳು ವೈರಸ್ಸನ್ನು ಎದುರಿಸಿ ಬದುಕುತ್ತವೆ, ಎರಡನೆಯ ಪೀಳಿಗೆಯಲ್ಲಿ ಅನುಪಾತವೇನು ಎಂದು ಮಕ್ಕಳೇ ಚೌಕ ಹಾಕಿ ಕಂಡುಕೊಳ್ಳಲಿ.