ಅಟ್ಟ ಸೇರಿದ ನೋಟ್‌ಬುಕ್

ಚಿಕ್ಕನಾಯಕನಹಳ್ಳಿಯಲ್ಲಿ ತೆಂಗಿನಕಾಯಿ ವ್ಯಾಪಾರಕ್ಕೆಂದು ಬಂದು ನೆಲೆ ನಿಂತ ಬ್ಯಾರಿ ಮನೆಯೊಂದಕ್ಕೆ ಇತ್ತೀಚೆಗೆ ಹೋಗಿದ್ದೆವು. ಮಂಗಳೂರು ಕಡೆಯಿಂದ ಬಂದ ಆ ಮನೆಯ ಸೊಸೆ ಕತೆ ಬರೆಯುತ್ತಾರೆಂದು ಕೇಳಿದ್ದೆವು. "ಬರೀತಿದ್ದೆ, ಈಗ ಬಿಟ್ಟಿದ್ದೇನೆ" ಅಂದುಬಿಟ್ಟರು.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬುಕರ್ ಬಂದಾಗ ಈ ಮನೆಯಲ್ಲೂ ಸಂಭ್ರಮವೋ ಸಂಭ್ರಮ. "ಮೊದಲು ಖುಷಿಯಾಯ್ತು. ರಾತ್ರಿ ನನ್ನ ನೋಟ್‌ಬುಕ್ ತೆಗೆದು ನೋಡಿದ್ರೆ ಎಲ್ಲ ಸಪ್ಪೆ. ಅವರ ಮುಂದೆ ನಮ್ದೇನು ಹೇಳಿ?" ನೋಟ್‌ಬುಕ್ ಅಟ್ಟ ಸೇರಿತು, ಕಾಯಿಗಳ ಪಕ್ಕ.

ನಮಗೂ ಈ ಕಾಯಿಲೆ ಗೊತ್ತು. ಬೇರೆಯವರ ಲೇಖನ ಚೆನ್ನಾಗಿದ್ದ ದಿನ ನಮ್ಮ ಪೆನ್ನು ಮುಂದೆ ಹೋಗುವುದಿಲ್ಲ. ಆದರೆ ಅವರು ಪಕ್ಕಪಕ್ಕ ಇಟ್ಟು ನೋಡಿದ್ದು ಏನನ್ನು? ಬುಕರ್ ಪಡೆದ 'ಹಾರ್ಟ್ ಲ್ಯಾಂಪ್'ನಲ್ಲಿರುವುದು 12 ಕತೆಗಳು, ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದವು. ದೀಪಾ ಭಾಸ್ತಿಯವರು ಆರಿಸಿ ಇಂಗ್ಲಿಷಿಗೆ ತಂದವು. ಇವರ ನೋಟ್‌ಬುಕ್‌ಗೆ ಇನ್ನೂ ಎರಡು ವರ್ಷ. ಒಬ್ಬರು ಆರಿಸಿಟ್ಟ ಕೊಯ್ಲಿನ ಮುಂದೆ ಇನ್ನೊಬ್ಬರ ಸಸಿ ತಂದಿಟ್ಟು ಅಳೆದ ಹಾಗಾಯಿತು.

ಸಾರಾ ಅಬೂಬಕರ್ ಅವರ ವಿಷಯವನ್ನೂ ಹೇಳಿದೆವು. 1963ರಿಂದಲೇ ಬರೆಯುವ ಆಸೆ ಇಟ್ಟುಕೊಂಡಿದ್ದವರ ಮೊದಲ ಬರಹ ಅಚ್ಚಾದದ್ದು 1981ರಲ್ಲಿ, ಲಂಕೇಶ್ ಪತ್ರಿಕೆಯಲ್ಲಿ. ಆಗ ಅವರಿಗೆ ನಲವತ್ತೈದರ ಆಸುಪಾಸು, ನಾಲ್ಕು ಗಂಡುಮಕ್ಕಳ ತಾಯಿ. ಆಮೇಲೆ 'ಚಂದ್ರಗಿರಿಯ ತೀರದಲ್ಲಿ' ಬಂತು. ಶೈಲಿಯ ಸೊಗಸಿಗಿಂತ ಹೇಳಬೇಕಾದ ಸಂಗತಿಯೇ ಅವರಿಗೆ ಮುಖ್ಯವಾಗಿತ್ತು, ಭಾಷೆಯೂ ನೇರ, ಸರಳ. ಇನ್ನೊಬ್ಬರ ಸೊಗಸಿಗೆ ತಮ್ಮದನ್ನು ಹೋಲಿಸುತ್ತ ಕೂತಿದ್ದರೆ ಆ ನಾದಿರಾಳ ಕತೆ ನಮಗೆ ಸಿಗುತ್ತಿತ್ತೋ ಇಲ್ಲವೋ.

ಇಷ್ಟೆಲ್ಲ ಮಾತಾಡಿದರೂ ಅವರ ಮುಖ ಅರಳಲಿಲ್ಲ. ಉಪದೇಶ ಯಾರಿಗೆ ಬೇಕು! ಅಷ್ಟರಲ್ಲಿ ಅವರ ಮಾಮಿ ಚಾ ತಂದಿಟ್ಟು, ಅಟ್ಟದಿಂದ ಇಳಿಸಿದ ಕಾಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದರು. ಒಳಗೆ ಕೊಬ್ಬರಿ ಗಡಗಡ ಆಡುತ್ತಿತ್ತು. ಕರಾವಳಿಯಲ್ಲಿ ನಾವು ಕಾಯಿ ಒಡೆದು ಬಿಸಿಲಿಗೆ ಹಾಕಿ ಎಣ್ಣೆಗೆ ಕೊಡುತ್ತೇವೆ. ಇಲ್ಲಿ ಒಡೆಯುವುದಿಲ್ಲ. ಇಡೀ ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಕೂತು, ಒಳಗಿನ ನೀರು ಆರಿ, ಉಂಡೆ ಕೊಬ್ಬರಿಯಾಗಬೇಕು. ಕೇಂದ್ರ ಸರ್ಕಾರವೂ ಎರಡಕ್ಕೂ ಬೇರೆ ಬೇರೆ ಬೆಂಬಲ ಬೆಲೆ ಕಟ್ಟುತ್ತದೆ. 2025ರ ಹಂಗಾಮಿಗೆ ಕ್ವಿಂಟಾಲಿಗೆ ಎಣ್ಣೆ ಕೊಬ್ಬರಿಗೆ 11,582 ರೂಪಾಯಿ, ಉಂಡೆಗೆ 12,100.

"ಮದುವೆಯಾಗಿ ಬಂದ ಹೊಸದರಲ್ಲಿ ಇವಳು ಹಸಿ ಕಾಯಿ ಒಡೆದು ಅಂಗಳದಲ್ಲಿ ಒಣಗಲಿಕ್ಕೆ ಇಟ್ಟಿದ್ದಳು" ಎಂದು ಮಾಮಿ ನಕ್ಕರು. "ಊರಿನವರೆಲ್ಲ ಬಂದು ನೋಡಿದ್ರು."

"ಇದನ್ನು ಬರೆದಿದ್ದೀರಾ?" ಎಂದು ಕೇಳಿದೆವು.

"ಇದೆಲ್ಲ ಕತೆಯಾ?" ಅಂದರು ಸೊಸೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಸನದಿಂದ ಬುಕರ್‌ವರೆಗೆ ಹೋದ ಕತೆಗಳಲ್ಲೂ ಇಂಥ ಮನೆಯೊಳಗಿನ ಸಂಗತಿಗಳೇ ಇರುವುದು ಅಲ್ವಾ ಎಂದು ಅವರೇ ಕೇಳಿದರು.

ನಾವು ಹೊರಡುವಾಗ ಅವರು ಏಣಿ ಹತ್ತಿದ್ದರು. ಕೆಳಗಿಂದ ಮಾಮಿಯ ದನಿ: "ಬರೀ. ಆದ್ರೆ ನನ್ನ ಹೆಸರು ಹಾಕ್ಬೇಡ."