ದನಿ ಒಡೆದಾಗ: ಧ್ವನಿಪೆಟ್ಟಿಗೆಯ ಶಸ್ತ್ರಚಿಕಿತ್ಸೆ

ರಾತ್ರಿಯಿಡೀ ಪದ ಹೇಳುವ ಯಕ್ಷಗಾನದ ಭಾಗವತರೂ ಬೀಡಿ ಸೇದುವವರೂ ಇರುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ಧ್ವನಿಪೆಟ್ಟಿಗೆಯ ಎರಡು ತೊಂದರೆಗಳನ್ನು ತಿಳಿದಿರುವುದು ಅಗತ್ಯ. ದನಿಯ ಅತಿಬಳಕೆಯಿಂದ ಧ್ವನಿತಂತುಗಳ ಮೇಲೆ ಮೂಡುವ ಸಣ್ಣ ಗಂಟು ಒಂದಾದರೆ, ಮುಖ್ಯವಾಗಿ ಹೊಗೆಸೊಪ್ಪಿನ ಹೊಗೆಯಿಂದ ಬರುವ ಕ್ಯಾನ್ಸರ್ ಇನ್ನೊಂದು. ಎರಡರಲ್ಲಿಯೂ ದನಿ ಒಡೆಯುವುದರಿಂದ ಕಿವಿಗೆ ಕೇಳಿದ್ದರಿಂದಷ್ಟೇ ಅವುಗಳ ವ್ಯತ್ಯಾಸ ತಿಳಿಯದು.

ಶ್ವಾಸನಾಳದ ಮೇಲ್ತುದಿಯಲ್ಲಿ ಮೃದ್ವಸ್ಥಿಗಳಿಂದಾದ ಧ್ವನಿಪೆಟ್ಟಿಗೆಯು ಮಾತಿಗೆ ದನಿ ಒದಗಿಸುವುದಲ್ಲದೆ, ನುಂಗಿದ ಅನ್ನನೀರು ಉಸಿರಿನ ದಾರಿಗೆ ಇಳಿಯದಂತೆಯೂ ಕಾಯುತ್ತದೆ. ಗಡ್ಡೆ ಬೆಳೆದು ಈ ದಾರಿ ಮುಚ್ಚುವಂತಾದರೆ ವೈದ್ಯರು ಕೊರಳಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಕೊಳವೆ ಇಡುತ್ತಾರೆ. ಟ್ರಾಕಿಯಾಸ್ಟಮಿ ಎನ್ನುವ ಈ ರಂಧ್ರವನ್ನು ಅಡಚಣೆ ನೀಗಿದ ಮೇಲೆ ಸಾಮಾನ್ಯವಾಗಿ ಮುಚ್ಚಬಹುದು.

ಧ್ವನಿತಂತುವಿನ ಗಂಟುಗಳು ಬಹುಪಾಲು ದನಿಗೆ ವಿಶ್ರಾಂತಿ ಕೊಟ್ಟು, ಸರಿಯಾಗಿ ದನಿ ಬಳಸುವುದನ್ನು ಕಲಿಸುವ ಚಿಕಿತ್ಸೆಯಿಂದಲೇ ಕರಗುತ್ತವೆ. ಹಾಗೆ ಹೋಗದವನ್ನು ಬಾಯಿಯ ಮೂಲಕವೇ ಸೂಕ್ಷ್ಮದರ್ಶಕದ ನೆರವಿನಿಂದ ತೆಗೆಯುವುದರಿಂದ ಕೊರಳಿನ ಮೇಲೆ ಗಾಯವಾಗುವುದಿಲ್ಲ. ಆರಂಭದ ಹಂತದ ಕ್ಯಾನ್ಸರನ್ನೂ ಲೇಸರ್ ಅಥವಾ ವಿಕಿರಣದಿಂದ ಗುಣಪಡಿಸಿ, ಬಹಳ ಮಂದಿಯಲ್ಲಿ ದನಿಯನ್ನು ಉಳಿಸಿಕೊಳ್ಳಬಹುದು.

ರೋಗ ಬಲಿತಾಗ ಇಡೀ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಕ್ಯಾನ್ಸರಿಗಾಗಿ ಈ ಶಸ್ತ್ರಚಿಕಿತ್ಸೆಯನ್ನು 1873ರಲ್ಲಿ ವಿಯೆನ್ನಾದ ಥಿಯೊಡೋರ್ ಬಿಲ್‌ರೋತ್ ಮೊದಲು ನಡೆಸಿದರು. ಇದರಲ್ಲಿ ಶ್ವಾಸನಾಳದ ತುದಿಯನ್ನು ಕೊರಳಿನ ಚರ್ಮಕ್ಕೆ ಹೊಲಿಯುವುದರಿಂದ ರೋಗಿ ಜೀವನಪರ್ಯಂತ ಆ ರಂಧ್ರದಿಂದಲೇ ಉಸಿರಾಡುತ್ತಾನೆ. ಆದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ. 1980ರ ಸುಮಾರಿಗೆ ಅಮೆರಿಕದ ಮಾರ್ಕ್ ಸಿಂಗರ್ ಮತ್ತು ಎರಿಕ್ ಬ್ಲೋಮ್ ರೂಢಿಗೆ ತಂದ ವಿಧಾನದಲ್ಲಿ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಒಮ್ಮುಖದ ಕವಾಟವೊಂದನ್ನು ಕೂರಿಸಲಾಗುತ್ತದೆ. ಕೊರಳಿನ ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟಾಗ ಗಾಳಿಯು ಅನ್ನನಾಳಕ್ಕೆ ನುಗ್ಗಿ, ಗಂಟಲಿನ ಗೋಡೆಗಳು ಕಂಪಿಸುವಂತೆ ಮಾಡಿ ದನಿ ಹುಟ್ಟಿಸುತ್ತದೆ, ಬಾಯಿ ಅದನ್ನು ಮಾತಾಗಿಸುತ್ತದೆ. ಆಮದಾದ ಕವಾಟಕ್ಕೆ ಸಾವಿರಾರು ರೂಪಾಯಿ ಬೆಲೆಯಿದ್ದು, ಅದನ್ನು ಆಗಾಗ ಬದಲಿಸಲೂ ಬೇಕಾಗುವುದರಿಂದ ಬಡ ರೋಗಿಗಳು ಮೂಕರಾಗಿಯೇ ಉಳಿಯುತ್ತಿದ್ದುದನ್ನು ಕಂಡ ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್, ಗೆಳೆಯ ಶಶಾಂಕ್ ಮಹೇಶ್ ಅವರೊಡನೆ ಸೇರಿ ಸುಮಾರು 50 ರೂಪಾಯಿ ಬೆಲೆಯ ‘ಓಂ’ ಎಂಬ ಕವಾಟವನ್ನು ರೂಪಿಸಿದರು.

ಧ್ವನಿತಂತುವಿನ ಮೇಲೆ ಚಿಕ್ಕ ಗಡ್ಡೆ ಎದ್ದರೂ ದನಿ ಬದಲಾಗುವುದರಿಂದ ಅಲ್ಲಿನ ಕ್ಯಾನ್ಸರ್ ಬೇಗನೆ ಸುಳಿವು ಕೊಡುತ್ತದೆ. ಹೀಗಿರುವಾಗ ಗಂಟಲು ಕಟ್ಟಿದೆಯೆಂದು ತಿಂಗಳುಗಟ್ಟಲೆ ಕಷಾಯ ಕುಡಿಯುತ್ತ ಕೂರುವುದು ಆ ಸುಳಿವನ್ನು ಕೈಬಿಟ್ಟಂತೆ. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಾಗಲಿ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು. ಬೀಡಿ ಸೇದುವವರಂತೂ ಇದನ್ನು ಮುಂದೂಡಲೇಬಾರದು.