ಹಾಡಿ, ಬೈಲು, ಹೊಳೆಯಿಂದ ಅಡುಗೆಮನೆಗೆ



ಸಂಕ್ರಾಂತಿ ಕಳೆದು ಶಿವರಾತ್ರಿ ಬರುವ ತನಕ ತ್ರಾಸಿ, ಮರವಂತೆ, ಹೆಮ್ಮಾಡಿ ಕಡೆ ಹಾಡಿ, ಬೈಲು, ಹೊಳೆಗಳಲ್ಲಿ ದುಡ್ಡು ಕೊಡದೆ ಸಿಗುವ ಆಹಾರ ಎಷ್ಟೋ ಉಂಟು. ಅಜ್ಜಿಯಂದಿರಿಗೆ ಇದೆಲ್ಲ ಗೊತ್ತಿತ್ತು. ನಾವು ಪೇಟೆಯ ಸೊಪ್ಪಿಗೆ ಇಪ್ಪತ್ತು ರೂಪಾಯಿ ಕೊಡುತ್ತೇವೆ, ಗದ್ದೆ ಅಂಚಿನ ಒಂದೆಲಗವನ್ನು ಮೆಟ್ಟಿಕೊಂಡು ಹೋಗುತ್ತೇವೆ!

ಒಂದೆಲಗ ನೀರಿನ ಪಸೆ ಇರುವಲ್ಲಿ ಈಗಲೂ ಹಸಿರಾಗಿರುತ್ತದೆ. ಜೀರಿಗೆ, ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಕಾಯಿತುರಿ ಜೊತೆ ಅರೆದು, ಮಜ್ಜಿಗೆ ಹಾಕಿದರೆ ತಂಬುಳಿ. ಹಸಿಯಾಗಿ ತಿನ್ನುವುದರಿಂದ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಕಳೆನಾಶಕ ಹೊಡೆದ ಅಂಚಿನದ್ದು ಬೇಡವೇ ಬೇಡ. ಹೊನಗೊನ್ನೆ ಸೊಪ್ಪು ಪಲ್ಯಕ್ಕೆ ಒಳ್ಳೆಯದು. ರಕ್ತ ಕಡಿಮೆ ಇರುವವರು ಅದರ ಜೊತೆ ಒಂದು ನೆಲ್ಲಿಕಾಯಿ ತಿನ್ನಲಿ. ನೆಲ್ಲಿಯ ಸಿ ಜೀವಸತ್ವದಿಂದ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹಿಡಿಯುತ್ತದೆ. ಕಾಟುಮಾವಿನ ಮಿಡಿ ಬಿಡುವ ಸಮಯವೂ ಇದೇ, ಉಪ್ಪಿನಕಾಯಿ ಹಾಕುವ ಗುಂಪುಗಳು ಮರ ನೋಡಿಕೊಳ್ಳಿ.

ಮಕ್ಕಳನ್ನು ಹಾಡಿಗೆ ಕರೆದುಕೊಂಡು ಹೋಗುವವರು ಮೊದಲು ಕಾಸರಕನ ಮರ ತೋರಿಸಿ. ಅದರ ಹಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿ ಆಸೆ ಹುಟ್ಟಿಸುತ್ತದೆ, ಆದರೆ ಬೀಜ ಘೋರ ವಿಷ. ಗುಲಗಂಜಿಯೂ ಹಾಗೆಯೇ, ಜಗಿದರೆ ಅಪಾಯ.

ಇನ್ನು ಚಿಪ್ಪಿನ ವಿಷಯ. ನಮ್ಮ ಸೌಪರ್ಣಿಕಾ ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇಳಿತ ಜಾಸ್ತಿ, ಆಗ ಅಳಿವೆಯ ಮರಳಿನಲ್ಲಿ ಚಿಪ್ಪು ಹೆಕ್ಕುವುದು ಸುಲಭ. ತುಳುವಿನವರು ಮರುವಾಯಿ ಅನ್ನುವುದು ಇದಕ್ಕೇ. ಸಣ್ಣದನ್ನು ಅಲ್ಲೇ ಬಿಡಿ, ಮುಂದಿನ ವರ್ಷಕ್ಕೆ ಬೇಕಲ್ಲ. ತಂದದ್ದನ್ನು ಕೆಲವು ಗಂಟೆ ಉಪ್ಪುನೀರಿನಲ್ಲಿಟ್ಟರೆ ಮರಳು ಉಗುಳುತ್ತದೆ. ಬೇಯಿಸುವ ಮೊದಲೇ ಬಾಯಿ ತೆರೆದು, ತಟ್ಟಿದರೂ ಮುಚ್ಚದಿದ್ದರೆ ಅದು ಸತ್ತದ್ದು, ಬಿಸಾಡಿ. ಬೆಂದ ಮೇಲೂ ಬಾಯಿ ಬಿಡದ್ದನ್ನು ಒತ್ತಾಯದಿಂದ ಬಿಡಿಸಿ ತಿನ್ನಬೇಡಿ.

ಒಂದು ಮಾತು ಮಾತ್ರ ಸರಿಯಾಗಿ ನೆನಪಿಡಿ. ಚಿಪ್ಪು ನೀರನ್ನು ಸೋಸಿ ತಿನ್ನುವ ಜೀವಿ, ನೀರಿನಲ್ಲಿ ಇದ್ದದ್ದೆಲ್ಲ ಅದರೊಳಗೆ ಸೇರುತ್ತದೆ. ಕೆಲವೊಮ್ಮೆ ಕಣ್ಣಿಗೆ ಕಾಣದ ವಿಷದ ಪಾಚಿ ಹೆಚ್ಚುತ್ತದೆ. 1983ರಲ್ಲಿ ಕಾಸರಗೋಡಿನ ಕುಂಬಳೆಯಲ್ಲಿ ಇಂಥ ಮರುವಾಯಿ ತಿಂದು ಜನ ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. 1997ರಲ್ಲಿ ಕೇರಳದ ವಿಳಿಞ್ಞಂನಲ್ಲಿ 7 ಮಂದಿ ಸತ್ತರು, ಅಲ್ಲಿ ತಿಂದದ್ದು ಬಂಡೆಯ ಚಿಪ್ಪು.

'ಬೇಯಿಸಿದರೆ ವಿಷ ಹೋಗುವುದಿಲ್ವಾ?' ಅಂತ ಕೇಳಬಹುದು. ಹೋಗುವುದಿಲ್ಲ. ಹುಳಿ, ಮೆಣಸು, ಫ್ರಿಜ್ಜು ಯಾವುದಕ್ಕೂ ಅದು ಬಗ್ಗುವುದಿಲ್ಲ. ರುಚಿಯಲ್ಲೂ ಗೊತ್ತಾಗುವುದಿಲ್ಲ. ಹೊಳೆಯ ನೀರು ಕೆಂಪಗೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಮೀನು ಸತ್ತು ತೇಲುತ್ತಿದ್ದರೆ ಆ ದಿನಗಳಲ್ಲಿ ಚಿಪ್ಪು ಬೇಡ. ನೀರು ತಿಳಿಯಾಗಿದ್ದರೂ ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದು ಕೈಬೆರಳು ಮರಗಟ್ಟಿದರೆ ಮಜ್ಜಿಗೆ, ಕಷಾಯ ಅಂತ ಹೊತ್ತು ಕಳೆಯಬೇಡಿ. ಈ ವಿಷಕ್ಕೆ ಮದ್ದಿಲ್ಲ, ಆದರೆ ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಯಂತ್ರದ ಸಹಾಯ ಸಿಕ್ಕಿದರೆ ಜೀವ ಉಳಿಯುತ್ತದೆ. ಕೂಡಲೇ 108ಕ್ಕೆ ಫೋನ್ ಮಾಡಿ, ಚಿಪ್ಪು ತಿಂದದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.